ವಿದೇಶ ವಿಮಾನ ಪ್ರಯಾಣ ಮತ್ತು ಟಿಕೆಟ್ ಖರೀದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರರಾಷ್ಟ್ರೀಯ ಟಿಕೆಟ್ ಒಂದರ ಹಿಂದೆ ಕನಿಷ್ಠ ಮೂವರಿರುತ್ತಾರೆ: ಮಾರಿದವರು, ಟಿಕೆಟ್ ತಮ್ಮ ಸಂಖ್ಯೆಯಲ್ಲಿ ಹೊರಡಿಸಿದವರು, ವಿಮಾನ ಹಾರಿಸುವವರು. ಎಷ್ಟೋ ಸಲ ಈ ಮೂವರೂ ಬೇರೆ ಬೇರೆ. ಏನಾದರೂ ಕೆಟ್ಟಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಇದರಿಂದಲೇ. ಕೆಳಗಿನ ಹೆಚ್ಚಿನ ಉತ್ತರಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಈ ಹಂತದಲ್ಲಿ ಹೊಣೆ ಯಾರದು?

ಹುಡುಕಿದಾಗ ಒಂದು ದರ, ಹಣ ಕಟ್ಟುವಾಗ ಇನ್ನೊಂದು. ಇದು ಮೋಸವೇ?

ಸಾಮಾನ್ಯವಾಗಿ ಅಲ್ಲ. ದರ ಹೋಲಿಸುವ ತಾಣಗಳು ಪ್ರತಿ ಹುಡುಕಾಟಕ್ಕೂ ವಿಮಾನ ಕಂಪನಿಯ ಸಿಸ್ಟಮ್ಮನ್ನು ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸಿಕ್ಕ ಉತ್ತರವನ್ನು ಉಳಿಸಿಟ್ಟುಕೊಂಡು ಅದನ್ನೇ ತೋರಿಸುತ್ತವೆ. ಆ ಸೀಟು ನಿಜಕ್ಕೂ ಇದೆಯೇ ಎಂದು ವಿಚಾರಿಸುವುದು ನೀವು ಹಣ ಕಟ್ಟುವ ಹಂತಕ್ಕೆ ಬಂದಾಗ.

ಇನ್ನೊಂದು ಕಾರಣ ಹೆಚ್ಚು ಜನರಿಗೆ ಗೊತ್ತಿಲ್ಲ. ನಮಗೆ ಒಂದೇ ಎಕಾನಮಿ ಕಂಡರೂ ಒಳಗೆ ಅದು ಹಲವು ದರದ ವರ್ಗಗಳಾಗಿ ಹಂಚಿಹೋಗಿರುತ್ತದೆ, ಪ್ರತಿ ವರ್ಗಕ್ಕೂ ಒಂದು ಅಕ್ಷರ. ಅಗ್ಗದ ವರ್ಗದಲ್ಲಿ ಎರಡೇ ಸೀಟು ಉಳಿದಿವೆ, ನೀವು ನಾಲ್ಕು ಜನಕ್ಕೆ ಹುಡುಕಿದ್ದೀರಿ ಎಂದುಕೊಳ್ಳಿ. ಸಿಸ್ಟಮ್ ಇಬ್ಬರಿಗೆ ಅಗ್ಗ, ಇಬ್ಬರಿಗೆ ದುಬಾರಿ ಎಂದು ಲೆಕ್ಕ ಹಾಕುವುದಿಲ್ಲ. ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ವರ್ಗದ ದರವನ್ನೇ ಹಾಕುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ಎಲ್ಲರಿಗೂ ಹುಡುಕಿ ನೋಡಿ. ತಲಾ ದರ ಜಿಗಿದರೆ ಎರಡು ಬುಕಿಂಗ್ ಮಾಡಿಕೊಳ್ಳಬಹುದು. ಆದರೆ ವಿಮಾನ ರದ್ದಾದಾಗ ಎರಡು ಬುಕಿಂಗ್‌ಗಳನ್ನು ಎರಡು ಬೇರೆ ವಿಮಾನಗಳಿಗೆ ಹಾಕುವ ಅಪಾಯವಿದೆ. ಮಕ್ಕಳಿದ್ದರೆ ಪ್ರತಿ ಬುಕಿಂಗ್‌ನಲ್ಲೂ ಒಬ್ಬ ದೊಡ್ಡವರು ಇರಲೇಬೇಕು.

ಒಂದೇ ಮಾರ್ಗವನ್ನು ಮತ್ತೆ ಮತ್ತೆ ಹುಡುಕಿದರೆ ದರ ಏರಿಸುತ್ತಾರಂತೆ?

ಬ್ರೌಸರ್‌ನ ಕುಕೀ ಅಳಿಸಿದರೆ ದರ ಇಳಿಯುತ್ತದೆ ಎಂಬ ನಂಬಿಕೆಯನ್ನು ನೆಚ್ಚಿಕೊಳ್ಳಬೇಡಿ. ದರ ಬದಲಾಗಲು ಮೇಲೆ ಹೇಳಿದ ಎರಡು ಕಾರಣಗಳೇ ಸಾಕು. ಆ ಸಮಯವನ್ನು ಒಂದು ದಿನ ಹಿಂದೆ ಮುಂದೆ ಹುಡುಕುವುದಕ್ಕೆ ಕೊಟ್ಟರೆ ಹೆಚ್ಚು ಉಳಿತಾಯ.

ಬೇರೆ ದೇಶದಿಂದ ಹೊರಡುವ ಟಿಕೆಟ್ ಕೊಂಡಾಗ ಯಾವ ಕರೆನ್ಸಿಯಲ್ಲಿ ಕಟ್ಟಬೇಕು?

ದರ ನಿಗದಿಯಾಗುವುದು ಸಾಮಾನ್ಯವಾಗಿ ಪ್ರಯಾಣ ಶುರುವಾಗುವ ದೇಶದ ಕರೆನ್ಸಿಯಲ್ಲಿ. ಹಾಗಾಗಿಯೇ ಹೋಗಿ ಬರುವ ಟಿಕೆಟ್ಟನ್ನು ಈ ತುದಿಯಿಂದ ಕೊಂಡರೆ ಒಂದು ಬೆಲೆ, ಅದೇ ವಿಮಾನಗಳನ್ನು ಆ ತುದಿಯಿಂದ ಕೊಂಡರೆ ಇನ್ನೊಂದು. ಕಂಪನಿಗಳ ಲೆಕ್ಕದಲ್ಲಿ ಅವು ಎರಡು ಬೇರೆ ಮಾರುಕಟ್ಟೆಗಳು.

ಎಚ್ಚರ ಬೇಕಾದದ್ದು ಹಣ ಕಟ್ಟುವ ಪುಟದಲ್ಲಿ. 'ನಿಮ್ಮ ಕಾರ್ಡಿನ ಕರೆನ್ಸಿಯಲ್ಲೇ ಕಟ್ಟಿ' ಎಂಬ ಆಯ್ಕೆಯನ್ನು ಅನುಕೂಲವೆಂಬಂತೆ ಮುಂದಿಡುತ್ತಾರೆ, ಕೆಲವು ಕಡೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಆಗ ವಿನಿಮಯ ದರ ಹಾಕುವುದು ನಿಮ್ಮ ಬ್ಯಾಂಕ್ ಅಲ್ಲ, ಮಾರುವವರ ಕಡೆಯ ಸಂಸ್ಥೆ, ಅದೂ ತನ್ನ ಲಾಭ ಸೇರಿಸಿ. ದರ ನಿಗದಿಯಾದ ಕರೆನ್ಸಿಯನ್ನೇ ಆರಿಸಿ, ವಿನಿಮಯವನ್ನು ಕಾರ್ಡ್ ಕಂಪನಿಗೆ ಬಿಡುವುದು ಹೆಚ್ಚಿನ ಸಂದರ್ಭದಲ್ಲಿ ಅಗ್ಗ. ನಿಮ್ಮದೇ ಕರೆನ್ಸಿಯಲ್ಲಿ ಕಟ್ಟಿದರೂ ಮಾರುವವರ ಖಾತೆ ಹೊರದೇಶದಲ್ಲಿದ್ದರೆ ಬ್ಯಾಂಕ್ ವಿದೇಶಿ ವ್ಯವಹಾರ ಶುಲ್ಕ ಹಾಕಬಹುದು. ಸ್ಟೇಟ್‌ಮೆಂಟ್ ಬಂದಾಗ ಅನೇಕರಿಗೆ ಆಶ್ಚರ್ಯವಾಗುವುದು ಇಲ್ಲಿಯೇ.

ಕಾರ್ಡಿನಲ್ಲಿ ಹಣವಿದೆ, ಆದರೂ ಪಾವತಿ ಆಗುತ್ತಿಲ್ಲ. ಏನು ಮಾಡಲಿ?

ಮೊದಲು ನೋಡಬೇಕಾದದ್ದು: ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಆ ಕಾರ್ಡಿನಲ್ಲಿ ಚಾಲೂ ಇದೆಯೇ, ದಿನದ ಮಿತಿ ಸಾಲುತ್ತದೆಯೇ. ಎರಡನೆಯದು ಒಟಿಪಿ. ಹೊರದೇಶದಲ್ಲಿದ್ದು ಅಲ್ಲಿನ ಸಿಮ್ ಹಾಕಿಕೊಂಡಿದ್ದರೆ ಬ್ಯಾಂಕಿನ ಸಂದೇಶ ಹಳೆಯ ನಂಬರಿಗೆ ಹೋಗಿ ಬೀಳುತ್ತದೆ. ಹೊರಡುವ ಮೊದಲೇ ಹಳೆಯ ಸಿಮ್‌ಗೆ ರೋಮಿಂಗ್ ಹಾಕಿಸಿ, ಇಲ್ಲವೇ ಬ್ಯಾಂಕಿನ ಆ್ಯಪ್‌ನಲ್ಲೇ ಅನುಮೋದನೆ ಕೊಡುವ ವ್ಯವಸ್ಥೆ ಮಾಡಿಕೊಳ್ಳಿ. ಮೂರನೆಯದು ವಿಳಾಸ. ಕೆಲವು ತಾಣಗಳು ನೀವು ಬರೆದ ಬಿಲ್ಲಿಂಗ್ ವಿಳಾಸವನ್ನು ಬ್ಯಾಂಕಿನ ದಾಖಲೆಯ ಜೊತೆ ತಾಳೆ ನೋಡುತ್ತವೆ, ಪಿನ್‌ಕೋಡ್ ಬೇರೆಯಾದರೂ ತಿರಸ್ಕರಿಸುತ್ತವೆ.

ಪಾವತಿ ವಿಫಲ ಎಂದು ಬಂದ ಕೂಡಲೇ ಮತ್ತೆ ಒತ್ತಬೇಡಿ. ಬ್ಯಾಂಕ್ ಹಣವನ್ನು ತಡೆಹಿಡಿದಿದ್ದು, ತಾಣಕ್ಕೆ ಉತ್ತರ ತಲುಪದೇ ಇರಬಹುದು. ಎರಡನೇ ಸಲ ಒತ್ತಿದರೆ ಎರಡು ಬುಕಿಂಗ್ ಆಗುವ ಸಾಧ್ಯತೆ ಇದೆ. ಒಂದೇ ಹೆಸರಿನಲ್ಲಿ ಒಂದೇ ವಿಮಾನಕ್ಕೆ ಎರಡು ಬುಕಿಂಗ್ ಕಂಡರೆ ಕಂಪನಿಯ ಸಿಸ್ಟಮ್ ಒಂದನ್ನು ತಾನಾಗಿ ಕಿತ್ತುಹಾಕಬಹುದು, ಕಿತ್ತದ್ದು ನೀವು ಹಣ ಕಟ್ಟಿದ್ದನ್ನೇ ಆಗಿರಬಹುದು. ಇಮೇಲ್ ಮತ್ತು ಬ್ಯಾಂಕ್ ಖಾತೆ ಎರಡನ್ನೂ ನೋಡಿಯೇ ಮುಂದಿನ ಹೆಜ್ಜೆ.

ಬೇರೆಯವರ ಕಾರ್ಡಿನಿಂದ ಟಿಕೆಟ್ ಕೊಂಡಿದ್ದರೆ ಕೆಲವು ಕಂಪನಿಗಳು ಚೆಕ್‌ಇನ್‌ನಲ್ಲಿ ಆ ಕಾರ್ಡನ್ನೋ ಕಾರ್ಡಿನವರ ಒಪ್ಪಿಗೆ ಪತ್ರವನ್ನೋ ಕೇಳುತ್ತವೆ. ಷರತ್ತನ್ನು ಮೊದಲೇ ಓದಿ.

ಪಿಎನ್‌ಆರ್ ಬಂದಿದೆ. ಟಿಕೆಟ್ ಆಯಿತು ಎಂದು ನಿಶ್ಚಿಂತೆಯಿಂದ ಇರಬಹುದೇ?

ಇರಬೇಡಿ. ಪಿಎನ್‌ಆರ್ ಅಂದರೆ ಆರು ಅಕ್ಷರ ಅಂಕಿಗಳ ಕಾಯ್ದಿರಿಸುವಿಕೆಯ ದಾಖಲೆ, ಅಷ್ಟೇ. ಟಿಕೆಟ್ ಬೇರೆ. ಅದಕ್ಕೆ 13 ಅಂಕಿಗಳ ಸಂಖ್ಯೆ ಇರುತ್ತದೆ, ಮೊದಲ ಮೂರು ಅಂಕಿ ಟಿಕೆಟ್ ಹೊರಡಿಸಿದ ಕಂಪನಿಯ ಗುರುತು. ಕೆಲವು ಅಗ್ಗದ ದರದ ಕಂಪನಿಗಳು ಮಾತ್ರ ಪಿಎನ್‌ಆರ್‌ನಲ್ಲೇ ಕೆಲಸ ಮುಗಿಸುತ್ತವೆ. ಉಳಿದ ಕಡೆ ಟಿಕೆಟ್ ಸಂಖ್ಯೆ ಇಲ್ಲದ ಪಿಎನ್‌ಆರ್, ಗಡುವು ಮೀರಿದೊಡನೆ ತಾನಾಗಿ ರದ್ದಾಗುತ್ತದೆ. ಏಜೆನ್ಸಿ 'ಕನ್ಫರ್ಮ್ಡ್' ಎಂದು ಇಮೇಲ್ ಕಳಿಸಿ, ಟಿಕೆಟ್ ಹೊರಡಿಸುವುದನ್ನು ತಡಮಾಡಿ, ಅಷ್ಟರಲ್ಲಿ ದರ ಏರಿ, 'ಹೆಚ್ಚುವರಿ ಹಣ ಕಟ್ಟಿ' ಎಂದು ಫೋನ್ ಮಾಡುವುದು ಇದೇ ಸಂದಿನಲ್ಲಿ.

ಕೊಂಡ ಕೆಲವು ಗಂಟೆಗಳಲ್ಲೇ ಹೀಗೆ ಮಾಡಿ. ವಿಮಾನ ಕಂಪನಿಯ ಸ್ವಂತ ತಾಣಕ್ಕೆ ಹೋಗಿ, ಪಿಎನ್‌ಆರ್ ಮತ್ತು ಕುಲನಾಮ ಹಾಕಿ ಬುಕಿಂಗ್ ತೆರೆಯಿರಿ. 13 ಅಂಕಿಯ ಸಂಖ್ಯೆ ಕಾಣಬೇಕು. ಕಾಣದಿದ್ದರೆ ಮಾರಿದವರನ್ನು ಅದೇ ದಿನ ಕೇಳಿ. ಏಜೆನ್ಸಿಯ ಪಿಎನ್‌ಆರ್ ಮತ್ತು ಕಂಪನಿಯ ಪಿಎನ್‌ಆರ್ ಬೇರೆ ಇರುವುದುಂಟು, ಎರಡನ್ನೂ ಬರೆದಿಟ್ಟುಕೊಳ್ಳಿ.

ವೇಳಾಪಟ್ಟಿ ಬದಲಾದಾಗಲೂ ಇದೇ ಪರೀಕ್ಷೆ ಬೇಕು. ಬುಕಿಂಗ್‌ನಲ್ಲಿ ಹೊಸ ವಿಮಾನ ಬಂದಿರುತ್ತದೆ, ಟಿಕೆಟ್ ಮಾತ್ರ ಹಳೆಯ ವಿಮಾನಕ್ಕೇ ಅಂಟಿಕೊಂಡಿರುತ್ತದೆ. 'ನಿಮ್ಮ ಟಿಕೆಟ್ ಸಿಂಕ್ ಆಗಿಲ್ಲ' ಎಂದು ಕೌಂಟರ್‌ನಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು ಈ ಕಾರಣಕ್ಕೆ. ಬದಲಾವಣೆಯ ಇಮೇಲ್ ಬಂದರೆ ಒಪ್ಪಿ ಸುಮ್ಮನಾಗದೆ, 'ಟಿಕೆಟ್ ರೀಇಶ್ಯೂ ಆಗಿದೆಯೇ' (ಹೊಸ ವಿಮಾನಕ್ಕೆ ಟಿಕೆಟ್ ಮತ್ತೆ ಹೊರಡಿಸಿದ್ದಾರೆಯೇ) ಎಂದು ಅದೇ ಪದದಲ್ಲಿ ಕೇಳಿ.

ಏಜೆನ್ಸಿ ತಾಣದಲ್ಲಿ ಸ್ವಲ್ಪ ಅಗ್ಗ. ಅಲ್ಲೇ ಕೊಳ್ಳಲೇ?

ಒಂದೇ ವಿಮಾನ, ನೇರ ಪ್ರಯಾಣ, ದಿನಾಂಕ ಬದಲಾಗುವುದಿಲ್ಲ ಎಂದಾದರೆ ಕೊಳ್ಳಬಹುದು. ಕನೆಕ್ಷನ್ ಇದ್ದರೆ, ವೀಸಾ ಇನ್ನೂ ಬಂದಿಲ್ಲವಾದರೆ, ಅಥವಾ ತಿಂಗಳುಗಳ ಮುಂಚೆ ಕೊಳ್ಳುತ್ತಿದ್ದರೆ ಕಂಪನಿಯಿಂದಲೇ ನೇರವಾಗಿ ಕೊಳ್ಳಿ. ಏಜೆನ್ಸಿ ಹೊರಡಿಸಿದ ಟಿಕೆಟ್ಟನ್ನು ಬದಲಿಸಲು ಕಂಪನಿ ಸಾಮಾನ್ಯವಾಗಿ ಏಜೆನ್ಸಿಯ ಕಡೆಗೇ ಕಳಿಸುತ್ತದೆ, ಏಜೆನ್ಸಿ ತನ್ನ ಸೇವಾ ಶುಲ್ಕವನ್ನು ಮೇಲೆ ಸೇರಿಸುತ್ತದೆ. ರೀಫಂಡ್ ಕೂಡ ಕಂಪನಿಯಿಂದ ಏಜೆನ್ಸಿಗೆ, ಅಲ್ಲಿಂದ ನಿಮಗೆ. ಅಗ್ಗವಾದಷ್ಟು ಹಣ ಒಂದೇ ಒಂದು ಬದಲಾವಣೆಯಲ್ಲಿ ಕೈಬಿಡುತ್ತದೆ.

ಹೆಸರಿನಲ್ಲಿ ಅಕ್ಷರ ತಪ್ಪಿದೆ. ಎಷ್ಟು ಗಂಭೀರ?

ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಟಿಕೆಟ್ಟಿನ ಹೆಸರು ಅದರಂತೆ ಇರಬೇಕು. ಒಂದೆರಡು ಅಕ್ಷರದ ತಪ್ಪನ್ನು ಹೆಚ್ಚಿನ ಕಂಪನಿಗಳು ಸರಿಪಡಿಸಿಕೊಡುತ್ತವೆ. ಮೊದಲ ಹೆಸರು ಕುಲನಾಮ ಅದಲುಬದಲಾದದ್ದನ್ನೂ ಹಲವು ಕಂಪನಿಗಳು ತಿದ್ದುತ್ತವೆ. ಇಡೀ ಹೆಸರೇ ಬೇರೆಯಾದರೆ ಅದನ್ನು ಟಿಕೆಟ್ ವರ್ಗಾವಣೆ ಎಂದು ನೋಡುತ್ತಾರೆ, ಬಹುತೇಕ ಕಡೆ ಅದಕ್ಕೆ ಅವಕಾಶವಿಲ್ಲ. ಎರಡು ಕಂಪನಿಗಳ ವಿಮಾನಗಳು ಒಂದೇ ಟಿಕೆಟ್‌ನಲ್ಲಿದ್ದರೆ ತಿದ್ದುಪಡಿ ಎರಡೂ ಕಡೆಯ ದಾಖಲೆಯಲ್ಲಿ ಆಗಬೇಕು, ಇಲ್ಲಿ ಹೆಚ್ಚು ದಿನ ಹಿಡಿಯುತ್ತದೆ.

ಬೋರ್ಡಿಂಗ್ ಪಾಸ್‌ನಲ್ಲಿ ಹೆಸರಿನ ಕೊನೆಗೆ 'ಎಂಆರ್', 'ಎಂಎಸ್' ಎಂದು ಅಂಟಿಕೊಂಡು ಬಂದರೆ, ಅಥವಾ ಎರಡು ಹೆಸರುಗಳ ನಡುವೆ ಜಾಗವಿಲ್ಲದಿದ್ದರೆ ಗಾಬರಿ ಬೇಡ. ಅದು ಸಿಸ್ಟಮ್ಮಿನ ಅಭ್ಯಾಸ.

ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇರುವವರ ಕಷ್ಟ ಬೇರೆ. ಒಂದು ಕಂಪನಿ ಇರುವ ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತದೆ, ಇನ್ನೊಂದು ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಕಿರುರೂಪ) ಹಾಕಿ ಎನ್ನುತ್ತದೆ. ಎಲ್ಲರಿಗೂ ಹೊಂದುವ ಉತ್ತರವಿಲ್ಲ; ವಿಮಾನ ಹಾರಿಸುವ ಕಂಪನಿಯ ತಾಣದಲ್ಲಿ ಹೇಳಿದಂತೆ ಮಾಡಿ. ವೀಸಾದಲ್ಲಿ ಹೆಸರು ಹೇಗೆ ಮುದ್ರಣವಾಗಿದೆ ಎಂಬುದನ್ನೂ ನೋಡಿಕೊಳ್ಳಿ. ಕೆಲವು ದೇಶಗಳು ಒಂದೇ ಹೆಸರಿನವರಿಗೆ ಪ್ರವೇಶವನ್ನೇ ಕೊಡುವುದಿಲ್ಲ.

ಕೊಂಡ ಮೇಲೆ ಮನಸ್ಸು ಬದಲಾಯಿತು. 24 ಗಂಟೆಯ ನಿಯಮ ಎಲ್ಲ ಕಡೆ ಇದೆಯೇ?

ಇಲ್ಲ. ಅದು ಅಮೆರಿಕದ ನಿಯಮ: ಅಲ್ಲಿಗೆ ಹೋಗುವ, ಅಲ್ಲಿಂದ ಹೊರಡುವ, ಅಲ್ಲಿಯೇ ಒಳಗೆ ಹಾರುವ ವಿಮಾನಗಳಿಗೆ, ಪ್ರಯಾಣಕ್ಕೆ ಏಳು ದಿನ ಅಥವಾ ಅದಕ್ಕೂ ಮೊದಲು ಕಂಪನಿಯಿಂದ ನೇರವಾಗಿ ಕೊಂಡಿದ್ದರೆ. ಕಂಪನಿ ಹಣವಿಲ್ಲದೆ 24 ಗಂಟೆ ದರ ಹಿಡಿದಿಡುವ ಸೌಲಭ್ಯ ಕೊಟ್ಟರೆ ರದ್ದತಿಯ ಅವಕಾಶ ಕೊಡಲೇಬೇಕೆಂದಿಲ್ಲ. ಎರಡರಲ್ಲಿ ಒಂದು ಸಾಕು. ಬೇರೆ ಕಡೆ ಕೆಲವು ಕಂಪನಿಗಳು ತಾವಾಗಿಯೇ ಇಂಥ ಅವಕಾಶ ಕೊಡುತ್ತವೆ. ಯುರೋಪಿನ ಆನ್‌ಲೈನ್ ಖರೀದಿಗೆ ಇರುವ 14 ದಿನಗಳ ವಾಪಸಾತಿ ಹಕ್ಕು ವಿಮಾನ ಟಿಕೆಟ್ಟಿಗೆ ಅನ್ವಯಿಸುವುದಿಲ್ಲ.

'ನಾನ್ ರೀಫಂಡಬಲ್' ಅಂದರೆ ಒಂದು ಪೈಸೆಯೂ ಬರುವುದಿಲ್ಲವೇ?

ಮೂಲ ದರ ಬರುವುದಿಲ್ಲ. ಆದರೆ ನೀವು ಪ್ರಯಾಣ ಮಾಡಿದರಷ್ಟೇ ಸರ್ಕಾರಕ್ಕೋ ವಿಮಾನ ನಿಲ್ದಾಣಕ್ಕೋ ಸಲ್ಲುವ ತೆರಿಗೆಗಳು, ಪ್ರಯಾಣವೇ ಆಗದಿದ್ದಾಗ ಬಹಳ ಸಲ ವಾಪಸ್ ಸಿಗುತ್ತವೆ. ಕೇಳಿದರೆ ಮಾತ್ರ. ಟಿಕೆಟ್ಟಿನ ದರ ವಿವರ ತೆಗೆದು ನೋಡಿ. 'ವೈಕ್ಯೂ' ಅಥವಾ 'ವೈಆರ್' ಎಂಬ ಗುರುತಿನ ಮೊತ್ತ ತೆರಿಗೆಯ ಸಾಲಿನಲ್ಲಿ ಕೂತಿದ್ದರೂ ತೆರಿಗೆಯಲ್ಲ. ಅದು ಕಂಪನಿಯೇ ಹಾಕುವ ಸರ್‌ಚಾರ್ಜ್, ಮೂಲ ದರದ ಜೊತೆ ಅದೂ ಹೋಗುವುದುಂಟು.

ಕಂಪನಿಯೇ ವಿಮಾನ ರದ್ದು ಮಾಡಿದರೆ ಲೆಕ್ಕ ಬೇರೆ. ಆಗ 'ನಾನ್ ರೀಫಂಡಬಲ್' ಎಂಬ ಮುದ್ರೆಗೆ ಬೆಲೆ ಇಲ್ಲ. ಅಮೆರಿಕದ 2024ರ ನಿಯಮದಂತೆ, ಅಂತರರಾಷ್ಟ್ರೀಯ ವಿಮಾನ ಆರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪುವಂತಾದರೂ ನೀವು ಪ್ರಯಾಣ ಬೇಡವೆಂದು ಹಣ ಕೇಳಬಹುದು. ಕ್ರೆಡಿಟ್ ಕಾರ್ಡಾದರೆ ಕೆಲಸದ ಏಳು ದಿನಗಳಲ್ಲಿ ಕೊಡಬೇಕು. ಕಂಪನಿ ಮೊದಲು ಮುಂದಿಡುವುದು ವೋಚರ್. ಅದನ್ನು ಒಪ್ಪಿದ ಮೇಲೆ ನಗದು ಕೇಳುವುದು ಕಷ್ಟ.

ಮೊದಲ ವಿಮಾನ ಬಿಟ್ಟು ನಡುವಿನ ಊರಿಂದ ಹತ್ತಬಹುದೇ?

ಆಗುವುದಿಲ್ಲ. ಟಿಕೆಟ್ಟಿನ ಭಾಗಗಳನ್ನು ಕ್ರಮವಾಗಿಯೇ ಬಳಸಬೇಕು. ಒಂದನ್ನು ಬಿಟ್ಟರೆ ಮುಂದಿನವೆಲ್ಲ, ವಾಪಸ್ ಬರುವ ವಿಮಾನವೂ ಸೇರಿ, ರದ್ದಾಗುತ್ತವೆ.

ಎರಡು ಬೇರೆ ಟಿಕೆಟ್ ಕೊಂಡು ನಾನೇ ಜೋಡಿಸಿಕೊಂಡರೆ ಅಗ್ಗವಾಗುತ್ತದೆ. ತೊಂದರೆ ಏನು?

ಒಂದೇ ಟಿಕೆಟ್ ಆಗಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು. ಎರಡು ಟಿಕೆಟ್ ಆದರೆ ಎರಡನೇ ಕಂಪನಿಯ ದೃಷ್ಟಿಯಲ್ಲಿ ನೀವು ಸಮಯಕ್ಕೆ ಬಾರದವರು. ಹೊಸ ಟಿಕೆಟ್, ಅವತ್ತಿನ ದರದಲ್ಲಿ.

ಇದಕ್ಕಿಂತ ದೊಡ್ಡ ತೊಡಕು ಲಗೇಜ್. ಬ್ಯಾಗ್ ಮುಂದಕ್ಕೆ ಹೋಗದಿದ್ದರೆ ನೀವು ಆ ದೇಶದ ವಲಸೆ ತಪಾಸಣೆ ದಾಟಿ, ಬ್ಯಾಗ್ ಎತ್ತಿಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಅಂದರೆ ಆ ದೇಶದ ಪ್ರವೇಶ ವೀಸಾ ಬೇಕು. ಟ್ರಾನ್ಸಿಟ್‌ಗೆ (ವಿಮಾನ ಬದಲಿಸಲು ಮಾತ್ರ ಇಳಿಯುವುದಕ್ಕೆ) ವೀಸಾ ಬೇಡ ಎಂಬ ಉತ್ತರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೊದಲ ಚೆಕ್‌ಇನ್‌ನಲ್ಲಿಯೇ ನಿಮ್ಮನ್ನು ನಿಲ್ಲಿಸಬಹುದು. ಹೀಗೆ ಜೋಡಿಸಲೇಬೇಕಾದರೆ ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ, ಆ ಮಾರ್ಗದಲ್ಲಿ ದಿನದ ಕೊನೆಯ ವಿಮಾನವನ್ನು ಆರಿಸಬೇಡಿ.

ಟ್ರಾನ್ಸಿಟ್ ವೀಸಾ ಬೇಕೋ ಬೇಡವೋ ಎಲ್ಲಿ ನೋಡಬೇಕು?

ಚೆಕ್‌ಇನ್ ಸಿಬ್ಬಂದಿ ನೋಡುವುದು ಟೈಮ್ಯಾಟಿಕ್ ಎಂಬ ಅಯಾಟಾದ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ದತ್ತಾಂಶವನ್ನು. ಹಲವು ವಿಮಾನ ಕಂಪನಿಗಳ ತಾಣಗಳಲ್ಲಿ ಅದನ್ನೇ ಆಧರಿಸಿದ ಪುಟ ಇರುತ್ತದೆ. ರಾಷ್ಟ್ರೀಯತೆ, ವಾಸದ ದೇಶ, ದಾಟುವ ಎಲ್ಲ ವಿಮಾನ ನಿಲ್ದಾಣ ಹಾಕಿ ನೋಡಿ. ಸಿಬ್ಬಂದಿ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ: ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ದಂಡವೂ ವಾಪಸ್ ಒಯ್ಯುವ ಖರ್ಚೂ ಕಂಪನಿಯ ತಲೆಗೆ.

ಜನ ಎಡವುವ ಜಾಗಗಳು ಇವು. ಅಮೆರಿಕದಲ್ಲಿ ವಿಮಾನ ಬದಲಿಸಲು ಮಾತ್ರ ಇಳಿದರೂ ವೀಸಾ ಅಥವಾ ವೀಸಾ ಬೇಡದ ದೇಶದವರಿಗಿರುವ ಆನ್‌ಲೈನ್ ಅನುಮತಿಯಾದ ಇಎಸ್‌ಟಿಎ ಬೇಕು, ಅಲ್ಲಿ ಟ್ರಾನ್ಸಿಟ್‌ಗೆ ಪ್ರತ್ಯೇಕ ವಲಯವಿಲ್ಲ. ಷೆಂಗೆನ್ ಪ್ರದೇಶದ (ತಮ್ಮ ನಡುವೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಎರಡು ವಿಮಾನ ನಿಲ್ದಾಣಗಳನ್ನು ಹಾದುಹೋದರೆ, ನಡುವಿನ ಹಾರಾಟ ದೇಶೀಯದಂತೆ; ಮೊದಲನೆಯದರಲ್ಲೇ ವಲಸೆ ತಪಾಸಣೆ ದಾಟಬೇಕು, ಆದ್ದರಿಂದ ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾ ಸಾಲದು. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ ಎಂದು ಅನೇಕ ದೇಶಗಳು ಕೇಳುತ್ತವೆ. ಷೆಂಗೆನ್ ಕೇಳುವುದು ಹೊರಬರುವ ದಿನದಿಂದ ಮೂರು ತಿಂಗಳು, ಜೊತೆಗೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಒಮ್ಮುಖ ಟಿಕೆಟ್‌ನಲ್ಲಿ ಪ್ರವಾಸಿಯಾಗಿ ಹೊರಟರೆ ಆ ದೇಶದಿಂದ ಹೊರಬರುವ ಟಿಕೆಟ್ ತೋರಿಸಿ ಎನ್ನುತ್ತಾರೆ.

ಆನ್‌ಲೈನ್ ಅನುಮತಿಗಳಿಗೆ ಅರ್ಜಿ ಹಾಕುವಾಗ ಸರ್ಕಾರದ ತಾಣವೇ ಎಂದು ವಿಳಾಸ ಓದಿ ನೋಡಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತುಗಳಲ್ಲಿ ಮಧ್ಯವರ್ತಿಗಳೇ ಹೆಚ್ಚು, ಶುಲ್ಕ ಹಲವು ಪಟ್ಟು.

ಒಂದು ಕಂಪನಿಯ ಟಿಕೆಟ್, ಇನ್ನೊಂದು ಕಂಪನಿಯ ವಿಮಾನ. ಯಾವ ಕೌಂಟರ್‌ಗೆ ಹೋಗಲಿ?

ಹಾರಿಸುವ ಕಂಪನಿಯದಕ್ಕೆ. ಟಿಕೆಟ್‌ನಲ್ಲಿ 'ಆಪರೇಟೆಡ್ ಬೈ' ಎಂಬುದರ ಮುಂದೆ ಆ ಹೆಸರಿರುತ್ತದೆ. ಸೀಟು, ಊಟದ ಆಯ್ಕೆಗೆ ಅವರದೇ ಪಿಎನ್‌ಆರ್ ಬೇಕಾಗುತ್ತದೆ, ಮಾರಿದ ಕಂಪನಿಯಿಂದ ಕೇಳಿ ಪಡೆಯಿರಿ. ಬ್ಯಾಗ್ ತೂಕದ ಮಟ್ಟಿಗೆ ಮಾತ್ರ ಊಹೆ ಬೇಡ, ಟಿಕೆಟ್‌ನಲ್ಲಿ ಪ್ರತಿ ಹಾರಾಟದ ಎದುರು ಬರೆದದ್ದೇ ಪ್ರಮಾಣ. '1ಪಿಸಿ' ಅಂದರೆ ಒಂದು ಬ್ಯಾಗ್, ಎಕಾನಮಿಯಲ್ಲಿ ಸಾಮಾನ್ಯವಾಗಿ 23 ಕಿಲೋ. '30ಕೆ' ಅಂದರೆ ಒಟ್ಟು 30 ಕಿಲೋ. ಬ್ಯಾಗ್ ಎಷ್ಟೇ ಇರಲಿ, ಒಂದೊಂದೂ 32 ಕಿಲೋ ದಾಟಿದರೆ ಹೆಚ್ಚಿನ ಕಡೆ ತೆಗೆದುಕೊಳ್ಳುವುದಿಲ್ಲ.

ಪವರ್ ಬ್ಯಾಂಕ್ ಎಷ್ಟು ದೊಡ್ಡದಿರಬಹುದು?

ಎಷ್ಟೇ ಚಿಕ್ಕದಾದರೂ ಕೈಚೀಲದಲ್ಲಿ ಮಾತ್ರ. 100 ವಾಟ್ ಅವರ್ ತನಕ ಅನುಮತಿ ಬೇಡ, 100ರಿಂದ 160ರ ತನಕ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲಿನದು ನಿಷಿದ್ಧ. ಲೆಕ್ಕ ಸುಲಭ: ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್, 3.7 ವೋಲ್ಟ್ ಆದರೆ 74. ಮುದ್ರಿತ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು. ವಿಮಾನದೊಳಗೆ ಬಳಸುವ ಬಗ್ಗೆ ಹಲವು ಕಂಪನಿಗಳು ಇನ್ನೂ ಬಿಗಿ ನಿಯಮ ತಂದಿವೆ, ಹೊರಡುವ ಮುನ್ನ ನೋಡಿ.

ವಿಮಾನ ತಡವಾದರೆ ಪರಿಹಾರ ಸಿಗುತ್ತದೆಯೇ?

ಎಲ್ಲಿಂದ ಹೊರಟಿರಿ, ಯಾರ ವಿಮಾನ ಎಂಬುದರ ಮೇಲೆ. ಹೆಚ್ಚು ಬಲವಾದದ್ದು ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ. ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕೂ ಅದು ಅನ್ವಯ. ಹೊರಗಿನಿಂದ ಒಕ್ಕೂಟಕ್ಕೆ ಬರುವಾಗ ಒಕ್ಕೂಟದ ಕಂಪನಿಯ ವಿಮಾನವಾದರೆ ಮಾತ್ರ. ಆ ನಿಯಮದಲ್ಲಿರುವ ಮೊತ್ತ 1,500 ಕಿಲೋಮೀಟರ್ ತನಕ 250 ಯುರೋ, 3,500ರ ತನಕ 400, ಅದಕ್ಕೂ ದೂರವಾದರೆ 600. ತಲುಪುವುದು ಮೂರು ಗಂಟೆ ಅಥವಾ ಹೆಚ್ಚು ತಡವಾಗಿರಬೇಕು ಎಂಬುದು 2009ರ ನ್ಯಾಯಾಲಯ ತೀರ್ಪಿನಿಂದ ಬಂದದ್ದು. ತಲುಪಿದ ಹೊತ್ತು ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. ಗಡಿ ಸಮೀಪದ ಪ್ರಕರಣಗಳಲ್ಲಿ ಇವೆರಡರ ನಡುವಿನ ಕೆಲವು ನಿಮಿಷಗಳೇ ನಿರ್ಣಾಯಕ, ಬಾಗಿಲು ತೆರೆದಾಗ ಫೋನಿನಲ್ಲಿ ಫೋಟೋ ತೆಗೆದಿಡಿ.

ಹವಾಮಾನ, ವಾಯು ಸಂಚಾರ ನಿಯಂತ್ರಕರ ಮುಷ್ಕರದಂಥ ಅಸಾಧಾರಣ ಕಾರಣಗಳಿಗೆ ಈ ಹಣ ಸಿಗುವುದಿಲ್ಲ. ತಾಂತ್ರಿಕ ದೋಷ ಎಂಬ ನೆಪ ಮಾತ್ರ ಸಾಮಾನ್ಯವಾಗಿ ನಡೆಯುವುದಿಲ್ಲ. ಕಾರಣ ಏನೇ ಇರಲಿ, ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲು ಕಂಪನಿಯೇ ನೋಡಿಕೊಳ್ಳಬೇಕು. ಕೊಡದಿದ್ದರೆ ಮಿತವಾಗಿ ಖರ್ಚು ಮಾಡಿ ರಸೀದಿ ಇಟ್ಟುಕೊಳ್ಳಿ. ಅರ್ಜಿ ಹಾಕಬೇಕಾದದ್ದು ಹಾರಿಸಿದ ಕಂಪನಿಗೆ, ಮಾರಿದವರಿಗಲ್ಲ.

ಬ್ಯಾಗ್ ಬರಲಿಲ್ಲ. ಯಾವ ಕ್ರಮದಲ್ಲಿ ಏನು ಮಾಡಬೇಕು?

ಹೊರಡುವಾಗಲೇ ಒಂದು ಕೆಲಸವಿದೆ: ಕೌಂಟರ್‌ನಲ್ಲಿ ಬ್ಯಾಗಿಗೆ ಕಟ್ಟಿದ ಪಟ್ಟಿಯಲ್ಲಿ ಮೂರಕ್ಷರದ ವಿಮಾನ ನಿಲ್ದಾಣದ ಗುರುತು ನಿಮ್ಮ ಕೊನೆಯ ಊರಿನದೇ ಎಂದು ಓದಿ. ಪಾಸ್‌ಪೋರ್ಟಿಗೋ ಬೋರ್ಡಿಂಗ್ ಪಾಸಿಗೋ ಅಂಟಿಸುವ ಚೀಟಿಯನ್ನು ಎಸೆಯಬೇಡಿ, ಅದರಲ್ಲಿ ಹತ್ತು ಅಂಕಿಯ ಸಂಖ್ಯೆ ಇದೆ.

ಬ್ಯಾಗ್ ಬರದಿದ್ದರೆ ಕಸ್ಟಮ್ಸ್ ದಾಟುವ ಮೊದಲೇ ಲಗೇಜ್ ಕೌಂಟರ್‌ಗೆ ಹೋಗಿ ಪಿಐಆರ್ ಎಂಬ ವರದಿ ಬರೆಸಿ. ಹಲವು ಕಂಪನಿಗಳಲ್ಲಿ ಹಾರಿದ್ದರೆ ಕೊನೆಯ ಹಾರಾಟದ ಕಂಪನಿಯ ಕೌಂಟರ್. ಬಣ್ಣ, ಗಾತ್ರದ ಜೊತೆ ಒಳಗಿನ ಎರಡು ಮೂರು ವಿಶೇಷ ವಸ್ತುಗಳನ್ನೂ ಬರೆಯಿರಿ, ಪಟ್ಟಿ ಕಿತ್ತುಹೋದ ಬ್ಯಾಗನ್ನು ತೆರೆದು ಗುರುತಿಸುವುದು ಅದರಿಂದಲೇ. ಅಗತ್ಯ ಬಟ್ಟೆ, ಸೋಪು, ಔಷಧ ಕೊಂಡ ರಸೀದಿ ಜೋಪಾನ.

ವಿಮಾನ ನಿಲ್ದಾಣದ ವರದಿ ಪರಿಹಾರದ ಅರ್ಜಿಯಲ್ಲ. ಕಂಪನಿಗೆ ಲಿಖಿತವಾಗಿ ಬೇರೆ ಅರ್ಜಿ ಕೊಡಬೇಕು. ಅಂತರರಾಷ್ಟ್ರೀಯ ಹಾರಾಟದಲ್ಲಿ ಕಂಪನಿಗಳ ಹೊಣೆ ಹೇಳುವ ಮಾಂಟ್ರಿಯಲ್ ಒಪ್ಪಂದದಂತೆ ಬ್ಯಾಗ್ ಹಾಳಾಗಿದ್ದರೆ ಕೈಸೇರಿದ ಏಳು ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದಂತೆ ಲೆಕ್ಕ. ನ್ಯಾಯಾಲಯಕ್ಕೆ ಹೋಗಲು ಎರಡು ವರ್ಷ. ಗರಿಷ್ಠ ಪರಿಹಾರ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, 28 ಡಿಸೆಂಬರ್ 2024ರಿಂದ ಜಾರಿಯಲ್ಲಿರುವ ಮಿತಿ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಅದು ತಾನಾಗಿ ಸಿಗುವ ಮೊತ್ತವಲ್ಲ, ಮೇಲಿನ ಮಿತಿ. ಒಳಗಿದ್ದದ್ದಕ್ಕೆ ಪುರಾವೆ ಕೇಳುತ್ತಾರೆ, ಹಳೆಯ ವಸ್ತುಗಳಿಗೆ ಸವಕಳಿ ಕಳೆಯುತ್ತಾರೆ. ಮುಚ್ಚುವ ಮೊದಲು ತೆರೆದ ಬ್ಯಾಗಿನ ಒಂದು ಫೋಟೋ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ವರದಿ ಬರೆಸದೆ ಹೊರಗೆ ಬಂದುಬಿಟ್ಟರೆ?

ಅವತ್ತೇ ಕಂಪನಿಯ ತಾಣದಲ್ಲಿ ಅಥವಾ ಫೋನಿನಲ್ಲಿ ದಾಖಲಿಸಿ, ದಾಖಲೆ ಸಂಖ್ಯೆ ಪಡೆಯಿರಿ. ಮುರಿದ ಬ್ಯಾಗಿನ ವಿಷಯದಲ್ಲಿ ಏಳು ದಿನದ ಗಡುವು ಇದೆ ನಿಜ, ಆದರೆ ದೂರಿಲ್ಲದೆ ತೆಗೆದುಕೊಂಡು ಹೊರಬಂದ ಬ್ಯಾಗ್ ಸರಿಯಾಗಿಯೇ ಇತ್ತು ಎಂದು ಒಪ್ಪಂದ ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಭಾರ ನಿಮ್ಮದು. ಚಕ್ರ ಮುರಿದದ್ದು ಬೆಲ್ಟಿನ ಪಕ್ಕದಲ್ಲೇ ಕಂಡರೆ, ಹಿಂದೆ ವಿಮಾನ ನಿಲ್ದಾಣದ ಫಲಕ ಕಾಣುವಂತೆ ಫೋಟೋ ತೆಗೆದುಕೊಂಡೇ ಹೊರಡಿ.